ಮೊದಲು ಹಿಂದಿನ ಟೈರ್, ಆಮೇಲೆ ಮುಂದಿನದು

ಪೀಣ್ಯದಲ್ಲಿ ನನ್ನದೊಂದು ಚಿಕ್ಕ ಮೆಷಿನ್ ಶಾಪ್ ಇದೆ. ದಿನ ಬೆಳಗಾದರೆ ಮೈಕ್ರಾನ್ ಲೆಕ್ಕದಲ್ಲಿ ಜಗಳ ಆಡುವ ಕೆಲಸ. ಅಂಥವನು ಸೆಕೆಂಡ್ ಹ್ಯಾಂಡ್ ಪೋರ್ಷೆ 718 ಕೇಮನ್ ಸ್ಪೋರ್ಟ್ಸ್ ಕಾರು ಕೊಳ್ಳುವಾಗ ಟೈರ್ ಮೇಲೆ ಏನು ಬರೆದಿದೆ ಅಂತ ಓದಲಿಲ್ಲ ಎಂದರೆ ನಮ್ಮ ಶಾಪಿನ ಹುಡುಗರು ಇವತ್ತಿಗೂ ನಗುತ್ತಾರೆ. 2017ರ ಗಾಡಿ, 2022ರ ಆಗಸ್ಟ್‌ನಲ್ಲಿ ನನ್ನ ಕೈಗೆ ಬಂತು. ಎಂಜಿನ್ ಸದ್ದು ಕೇಳಿದೆ, ಪೇಂಟ್ ದಪ್ಪ ಅಳೆದೆ, ಸರ್ವಿಸ್ ಬುಕ್ ಪುಟ ಪುಟ ತಿರುವಿದೆ. ಟೈರ್ ಕಪ್ಪಗೆ ಮಿರಮಿರ ಮಿಂಚುತ್ತಿತ್ತು, ಚೆನ್ನಾಗಿದೆ ಅಂದುಕೊಂಡೆ. ಮಿಂಚುತ್ತಿದ್ದದ್ದು ಟೈರ್ ಅಲ್ಲ, ಮೇಲೆ ಬಳಿದ ಪಾಲಿಶ್.

ಮೂರು ತಿಂಗಳ ಮೇಲೆ ಒಂದು ಭಾನುವಾರ ಕಾರನ್ನು ಶಾಪಿಗೇ ತಂದು ಎತ್ತಿ, ವರ್ನಿಯರ್‌ನ ಡೆಪ್ತ್ ಕಡ್ಡಿ ಇಟ್ಟು ಅಳೆದೆ. ಹಿಂದಿನ ಟೈರಿನ ಹೊರ ಅಂಚಿನಲ್ಲಿ 4.2 ಮಿ.ಮೀ. ಟ್ರೆಡ್, ಅಂದರೆ ಗೀರುಗಳ ಆಳ. ಒಳ ಅಂಚಿನಲ್ಲಿ 1.4. ಕಾನೂನಿನ ಕನಿಷ್ಠ ಮಿತಿ 1.6. ನಿಂತು ನೋಡಿದರೆ ಕಾಣುವುದು ಹೊರ ಅಂಚು ಮಾತ್ರ. ಒಳಗಿನ ಅಂಚು ನೋಡಬೇಕಾದರೆ ನೆಲಕ್ಕೆ ಕೆನ್ನೆ ಹಚ್ಚಿ ಮಲಗಬೇಕು, ಈ ಕಾರು ಅಷ್ಟು ತಗ್ಗು. ತಿರುವಿನಲ್ಲಿ ಹಿಡಿತ ಸಿಗಲಿ ಅಂತ ಇಂಥ ಕಾರುಗಳ ಹಿಂದಿನ ಚಕ್ರಗಳನ್ನು ಮೇಲ್ಭಾಗ ಒಳಕ್ಕೆ ವಾಲುವಂತೆ ಕೂರಿಸಿರುತ್ತಾರೆ. ಹಾಗಾಗಿ ಒಳ ಅಂಚು ತುಸು ಜಾಸ್ತಿ ಸವೆಯುವುದು ಸಹಜ. ಆದರೆ ಇಷ್ಟು ಸವೆದಿದೆ ಅಂದರೆ ಅದು ವಾಲಿದ್ದರಿಂದ ಅಲ್ಲ, ಟೋ, ಅಂದರೆ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ತಪ್ಪಿದ್ದರಿಂದ. ಚಕ್ರ ನೇರ ಉರುಳದೆ ರಸ್ತೆಯನ್ನು ಉಜ್ಜಿಕೊಂಡೇ ಹೋಗುತ್ತಿತ್ತು.

ಅಲೈನ್‌ಮೆಂಟ್ ಸರಿ ಮಾಡಿಸಿ ಹಿಂದಿನ ಜೋಡಿ ಹೊಸದು ಹಾಕಿಸಿದೆ. ಮುಂದಿನ ಟೈರುಗಳಲ್ಲಿ ಇನ್ನೂ ಜೀವ ಇತ್ತು. ಇಲ್ಲಿ ನನ್ನ ಎರಡನೆಯ ದಡ್ಡತನ. ಅಂಗಡಿಯಲ್ಲಿ ಬ್ರ್ಯಾಂಡ್ ನೋಡಿದೆ, ಸೈಜ್ ನೋಡಿದೆ, ದುಡ್ಡು ಕೊಟ್ಟೆ. ಮನೆಗೆ ಬಂದು ರಾತ್ರಿ ಟಾರ್ಚ್ ಬಿಟ್ಟು ನೋಡಿದರೆ ಒಂದು ಟೈರಿನ ಮೇಲೆ 3121, ಇನ್ನೊಂದರ ಮೇಲೆ 0818. ಟೈರಿನ ಪಕ್ಕದಲ್ಲಿ 'DOT' ಅಂತ ಶುರುವಾಗುವ ಸಾಲಿನ ಕೊನೆಗೆ ಬರುವ ಈ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಅಂದರೆ ಒಂದು 2021ರ 31ನೇ ವಾರದ್ದು, ಇನ್ನೊಂದು 2018ರ ಎಂಟನೇ ವಾರದ್ದು. ಒಂದೇ ಆಕ್ಸಲ್‌ನ ಎರಡು ಕಡೆ, ಮೂರೂವರೆ ವರ್ಷ ಅಂತರದ ಅಣ್ಣ ತಮ್ಮ! ಮಾರನೇ ದಿನ ಹೋದರೆ "ಫಿಟ್ ಮಾಡಿದ ಮೇಲೆ ವಾಪಸ್ ಇಲ್ಲ ಸಾರ್" ಅಂದರು. ಗೋದಾಮಿನಲ್ಲಿ ಸರಿಯಾಗಿ ಇಟ್ಟ ಟೈರ್ ಒಂದೆರಡು ವರ್ಷಕ್ಕೆ ಕೆಡುವುದಿಲ್ಲ, ನಿಜ. ಆದರೆ ರಬ್ಬರ್ ವಯಸ್ಸಾದಂತೆ ಗಟ್ಟಿಯಾಗುತ್ತಾ ಹೋಗುತ್ತದೆ. ಎಡಗಡೆ ಮೃದು, ಬಲಗಡೆ ಗಟ್ಟಿ ಇದ್ದರೆ ಮಳೆಯಲ್ಲಿ ಏನಾಗುತ್ತದೆ ಅಂತ ಆ ಮೇ ತಿಂಗಳ ಸಂಜೆ ನೈಸ್ ರೋಡ್‌ನಲ್ಲಿ ಗೊತ್ತಾಯಿತು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟದ್ದಷ್ಟೇ, ಹಿಂಭಾಗ ಒಮ್ಮೆ ಪಕ್ಕಕ್ಕೆ ಸರಿದು ಹಿಂತಿರುಗಿತು. ಎಂಜಿನ್ ನಡುವೆ ಇರುವ ಕಾರು ಸರಿಯುವಾಗ ಮುಂಚಿತವಾಗಿ ಹೇಳಿ ಸರಿಯುವುದಿಲ್ಲ.

ಆ ಜೋಡಿಯ ಆಯುಷ್ಯ ಮುಗಿಸಿದ್ದು ವಯಸ್ಸಲ್ಲ, ಗುಂಡಿ. 2023ರ ಸೆಪ್ಟೆಂಬರ್, ಜಾಲಹಳ್ಳಿ ಕ್ರಾಸ್ ಹತ್ತಿರ, ನೀರು ತುಂಬಿದ ಗುಂಡಿ. ದಡ್ ಅಂತ ಸದ್ದು ಬಂದಾಗಲೇ ಎದೆ ಝಲ್ ಅಂತು. ರಿಮ್ ಬಾಗಿ, ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಬಲ್ಜ್ ಎದ್ದಿತ್ತು. ಬಲ್ಜ್ ಎಂದರೆ ಒಳಗಿನ ದಾರಗಳು ಹರಿದಿವೆ ಅಂತ ಅರ್ಥ. ಅದಕ್ಕೆ ರಿಪೇರಿ ಇಲ್ಲ, ಟೈರ್ ಗುಜರಿಗೆ. ಈ ಕಾರಿನಲ್ಲಿ ಸ್ಟೆಪ್ನಿಯೂ ಇಲ್ಲ. ಒಂದು ಬಾಟಲಿ ಸೀಲೆಂಟ್, ಒಂದು ಪುಟ್ಟ ಕಂಪ್ರೆಸರ್ ಕೊಟ್ಟಿದ್ದಾರೆ, ಅದು ಮೊಳೆ ಚುಚ್ಚಿದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಫ್ಲ್ಯಾಟ್‌ಬೆಡ್ ಮೇಲೆ ಕಾರು ಮನೆಗೆ ಬಂದಾಗ ಅಮ್ಮ ಗೇಟಿನಲ್ಲಿ ನಿಂತು ಕೇಳಿದ್ದು: "ಅಷ್ಟು ದುಡ್ಡು ಕೊಟ್ಟಿದೀಯ, ಒಂದು ಸ್ಟೆಪ್ನಿ ಕೊಡಲ್ವೇನೋ ಅವರು?"

ಆ ರಾತ್ರಿ ಕಾಗದ ಪೆನ್ಸಿಲ್ ಹಿಡಿದು ಕೂತೆ. ಮೊದಲ ಮಾಲೀಕರು ಅಂದಕ್ಕಾಗಿ 20 ಇಂಚಿನ ರಿಮ್ ಹಾಕಿಸಿಕೊಂಡಿದ್ದರು. ಮುಂದೆ 235/35, ಹಿಂದೆ 265/35. ಮೊದಲ ಅಂಕಿ ಟೈರಿನ ಅಗಲ, ಮಿ.ಮೀ.ನಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಕ್ಕದ ಗೋಡೆಯ ಎತ್ತರ ಅಂತ. 235ರ ಶೇ. 35 ಎಂದರೆ 82 ಮಿ.ಮೀ. ರಿಮ್‌ಗೂ ಗುಂಡಿಯ ಅಂಚಿಗೂ ನಡುವೆ ಇರುವುದು ಅಷ್ಟೇ ರಬ್ಬರ್, ಅಷ್ಟೇ ಗಾಳಿ. ಇದೇ ಕಾರಿಗೆ ಕಂಪನಿಯವರು ಮಾಮೂಲಿಯಾಗಿ ಕೊಡುತ್ತಿದ್ದದ್ದು 18 ಇಂಚಿನ ರಿಮ್: ಮುಂದೆ 235/45, ಹಿಂದೆ 265/45. ಅಲ್ಲಿ ಮುಂದಿನ ಗೋಡೆ 106 ಮಿ.ಮೀ., ಹಿಂದಿನದು 119. ಒಟ್ಟು ವ್ಯಾಸ ಲೆಕ್ಕ ಹಾಕಿದೆ. 20 ಇಂಚಿನಲ್ಲಿ ಮುಂದಿನ ಚಕ್ರ 672 ಮಿ.ಮೀ., 18ರಲ್ಲಿ 669. ಹಿಂದಿನದು 693 ಮತ್ತು 696. ಎರಡೂ ಕಡೆ ಸುಮಾರು ಮೂರು ಮಿ.ಮೀ. ವ್ಯತ್ಯಾಸ. ಸ್ಪೀಡೋಮೀಟರ್‌ಗೂ, ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡುವ ಎಬಿಎಸ್‌ಗೂ ಇದು ಲೆಕ್ಕಕ್ಕೇ ಇಲ್ಲ. ರಿಮ್ ಇಳಿಸುವುದೆಂದರೆ ಗೌರವ ಇಳಿಸಿಕೊಂಡ ಹಾಗೆ ಅಂತ ಇಬ್ಬರು ಸ್ನೇಹಿತರು ಅಂದರು. ಬಾಗಿದ ರಿಮ್ ಅವರದ್ದಾಗಿರಲಿಲ್ಲವಲ್ಲ.

ಇನ್ನೊಬ್ಬ ಕಾರು ಮಾಲೀಕರು ತಮ್ಮ 18 ಇಂಚಿನ ಒರಿಜಿನಲ್ ಸೆಟ್ ತೆಗೆದು ಮೂಲೆಯಲ್ಲಿಟ್ಟಿದ್ದರು, ಅದನ್ನು ಕೊಂಡೆ. ಇನ್ನು ಟೈರ್.

ಪ್ರತಿಯೊಬ್ಬರೂ ಮೊದಲು ಕೇಳುವುದು "ಯಾವ ಬ್ರ್ಯಾಂಡ್ ಬೆಸ್ಟ್?" ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ಪಟ್ಟಿಯಲ್ಲಿ ಮಿಶೆಲಿನ್ ಪೈಲಟ್ ಸ್ಪೋರ್ಟ್ ಮೇಲಿತ್ತು, ಪಿರೆಲಿ ಪಿ ಝೀರೊ ಇತ್ತು, ಕಾಂಟಿನೆಂಟಲ್ ಇತ್ತು. ಟ್ರ್ಯಾಕ್ ಹುಚ್ಚಿನ ಗೆಳೆಯನೊಬ್ಬ ಪೈಲಟ್ ಸ್ಪೋರ್ಟ್ ಕಪ್ 2 ಹಾಕಿಸು ಅಂತ ಬೆನ್ನು ಹತ್ತಿದ. ಅದು ಒಣ ಟ್ರ್ಯಾಕ್‌ಗೆ ಅಂತಲೇ ಮಾಡಿದ ರಬ್ಬರ್, ಬಿಸಿ ಏರಿದ ಮೇಲೆ ಹಿಡಿತವೇ ಬೇರೆ. ನಾನು ಚೆನ್ನೈ ಪಕ್ಕದ ಇರುಂಗಾಟುಕೋಟೈ ಟ್ರ್ಯಾಕ್‌ಗೆ ಹೋಗುವುದು ವರ್ಷಕ್ಕೆ ಒಂದು ಸಲ. ಮಿಕ್ಕ ದಿನ ಸಕಲೇಶಪುರದ ಕಡೆ, ನಂದಿ ಬೆಟ್ಟ, ಇಲ್ಲವೇ ಯಶವಂತಪುರದ ಟ್ರಾಫಿಕ್. ಮಳೆಗಾಲದಲ್ಲಿ ಶಿರಾಡಿ ಘಾಟ್‌ನ ರಸ್ತೆ ಮೇಲೆ ಹರಿಯುವ ನೀರನ್ನು ಆಳ ಕಡಿಮೆ ಇರುವ ಟ್ರೆಡ್ ಹೊರದಬ್ಬಲಾರದು, ಟೈರ್ ನೀರಿನ ಮೇಲೆ ತೇಲುತ್ತದೆ. ಬೇಡ ಅಂದೆ.

ಆದರೆ ಬ್ರ್ಯಾಂಡ್ ಪಟ್ಟಿಯನ್ನು ಹರಿದು ಹಾಕಿದ್ದು ಹಿಂದಿನ ಟೈರಿನ ಸೈಜು. 235/45 ಆರ್ 18 ಬೇಕೆಂದರೆ ಊರಲ್ಲೆಲ್ಲ ಸಿಗುತ್ತದೆ, ಟೊಯೊಟಾ ಕ್ಯಾಮ್ರಿಗೆ ಅದೇ ಸೈಜು. 265/45 ಆರ್ 18 ಕೇಳಿದರೆ ಅಂಗಡಿಯವರು ಕಂಪ್ಯೂಟರ್‌ನಿಂದ ತಲೆ ಎತ್ತಿ ಮುಖ ನೋಡುತ್ತಾರೆ. ಆ ಸೈಜಿಗೆ ಇಲ್ಲಿ ಗಿರಾಕಿಯೇ ಇಲ್ಲ. ಮೇಲಿಂದ 2020ರ ಜೂನ್ 12ರಂದು ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು 'ನಿರ್ಬಂಧಿತ' ಪಟ್ಟಿಗೆ ಹಾಕಿತು. ತರಬೇಕಾದರೆ ಲೈಸೆನ್ಸ್ ಬೇಕು. ಜೊತೆಗೆ ಟೈರಿನ ಮೇಲೆ ಐಎಸ್‌ಐ ಮುದ್ರೆ, ಐಎಸ್ 15633 ಅಂತ ಸಂಖ್ಯೆ ಇರಲೇಬೇಕು. ಹೊರದೇಶದ ಪರೀಕ್ಷೆಗಳಲ್ಲಿ ಮೊದಲ ಸ್ಥಾನ ಬಂದ ಟೈರ್ ನನ್ನ ಸೈಜಿನಲ್ಲಿ, ಈ ಮುದ್ರೆಯೊಂದಿಗೆ ಬೆಂಗಳೂರಿಗೆ ಬರದಿದ್ದರೆ ಆ ಮೊದಲ ಸ್ಥಾನ ಕಟ್ಟಿಕೊಂಡು ನಾನೇನು ಮಾಡಲಿ? ಮುದ್ರೆ ಇಲ್ಲದ ಮಾಲನ್ನು "ನಾಳೆನೇ ತರಿಸ್ತೀನಿ" ಅಂದವರೂ ಇದ್ದರು. ಬಿಲ್ ಕೇಳಿದೆ, ಆಮೇಲೆ ಅವರು ಫೋನ್ ಎತ್ತಲಿಲ್ಲ.

ಕೊನೆಗೆ ಜಿಗಣಿ ಕಡೆಯ ಒಂದು ಸಣ್ಣ ಟೈರ್ ಅಂಗಡಿಯ ಭಾಯ್ ಸಿಕ್ಕರು. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವರು. ಅವರು ನನ್ನ ಪಟ್ಟಿ ನೋಡಿ ಪಕ್ಕಕ್ಕೆ ಇಟ್ಟು, "ಸಾರ್, ಮೊದ್ಲು ಹಿಂದಿಂದು ಸಿಗ್ಲಿ. ಅದು ಯಾವ್ದು ಸಿಗುತ್ತೋ ಅದರ ಜೋಡಿನೇ ಮುಂದಕ್ಕೆ" ಅಂದರು. ಮುಂದೆ ಕ್ಯಾಮ್ರಿಯ ಟೈರ್ ಹಾಕಿ, ಹಿಂದಿನದು ಬೇರೆ ಮಾಡೆಲ್ ಹಾಕಿದರೆ ಏನಾಗುತ್ತದೆ ಅಂತ ಬೇಕಂತಲೇ ಕೇಳಿದೆ. ಒಂದು ಕಾಲಿಗೆ ಕ್ಯಾನ್ವಾಸ್ ಶೂ, ಇನ್ನೊಂದಕ್ಕೆ ಹವಾಯಿ ಚಪ್ಪಲಿ ಹಾಕಿ ಓಡಿ ನೋಡಿ ಅಂದರು. ಸರಿಯಾದ ಮಾತು. ಸೈಜ್ ಒಂದೇ ಇರಬಹುದು, ಆದರೆ ಕ್ಯಾಮ್ರಿ ಟೈರನ್ನು ಮಾಡಿದ್ದು ಮೆತ್ತನೆಯ ಓಟಕ್ಕೆ, ಹೆಚ್ಚು ಬಾಳಿಕೆಗೆ. ಮುಂದಿನ ಟೈರ್ ತಡವಾಗಿ ತಿರುಗಿ, ಹಿಂದಿನದು ಬೇಗ ಕಚ್ಚಿದರೆ ಕಾರಿನ ಸ್ವಭಾವವೇ ಹಾಳು.

ನಾನು ಹಾಕಿಕೊಂಡಿದ್ದ ಷರತ್ತು ಎರಡೇ. ಒಂದು, ಎನ್ ಗುರುತು. ಟೈರ್ ಕಂಪನಿಯ ಜೊತೆ ಕೂತು ಪೋರ್ಷೆಯವರು ತಮ್ಮ ಕಾರಿಗೆಂದೇ ಪರೀಕ್ಷಿಸಿ ಒಪ್ಪಿದ ಟೈರಿಗೆ ಎನ್0, ಎನ್1, ಎನ್2 ಅಂತ ಗುರುತು ಇರುತ್ತದೆ. ಬಿಎಂಡಬ್ಲ್ಯುಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ ಇದ್ದ ಹಾಗೆ. ಅಂಕಿ ದೊಡ್ಡದಾದಷ್ಟೂ ಟೈರ್ ಮೇಲು ಅಂತ ಕೆಲವರು ತಿಳಿದಿದ್ದಾರೆ, ಹಾಗಲ್ಲ. ಅದೇ ಮಾಡೆಲ್‌ನ ಮುಂದಿನ ಆವೃತ್ತಿ ಅಂತಷ್ಟೇ. ಎನ್0 ಮತ್ತು ಎನ್1 ಬೆರೆಸಬಾರದು. ಎರಡು, ಟೈರಿನ ವೇಗದ ಮಿತಿ ಹೇಳುವ ವೈ ಅಕ್ಷರ. ನನ್ನ ಕಾರಿನ ಗರಿಷ್ಠ ವೇಗ ಗಂಟೆಗೆ 275 ಕಿ.ಮೀ. ಡಬ್ಲ್ಯು ಎಂದರೆ 270ರವರೆಗೆ, ವೈ ಎಂದರೆ 300ರವರೆಗೆ. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಮಿತಿ 100 ಇರುವಾಗ ಇದೇಕೆ ಅಂತ ನನ್ನ ಹೆಂಡತಿ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಅಕ್ಷರದ ಜೊತೆ ಬರುವುದು ವೇಗ ಒಂದೇ ಅಲ್ಲ, ಬಿಸಿ ತಡೆಯುವ ಒಳಗಿನ ಕಟ್ಟು ಕೂಡ. ಆ ಅಕ್ಷರಕ್ಕೆ ಮೊದಲು ಬರುವ ಅಂಕಿ ಭಾರದ್ದು: 94 ಎಂದರೆ ಒಂದು ಟೈರ್ 670 ಕೆ.ಜಿ. ಹೊರುತ್ತದೆ, 101 ಎಂದರೆ 825. ಕಂಪನಿ ಹೇಳಿದ್ದಕ್ಕಿಂತ ಇದರಲ್ಲಿ ಕೆಳಗೆ ಇಳಿಯಬಾರದು.

ಏಳು ವಾರ ಕಾದ ಮೇಲೆ ಎನ್1 ಗುರುತಿನ ಪಿರೆಲಿ ಪಿ ಝೀರೊ ನಾಲ್ಕೂ ಬಂದವು. ಹಿಂದಿನ ಒಂದು ಟೈರಿನ ಬೆಲೆಗೆ ನನ್ನ ತಮ್ಮನ ವ್ಯಾಗನ್‌ಆರ್‌ಗೆ ನಾಲ್ಕೂ ಹಾಕಿಸಿ, ಮಿಕ್ಕ ದುಡ್ಡಲ್ಲಿ ಮನೆಮಂದಿಯೆಲ್ಲ ಊಟ ಮಾಡಬಹುದಿತ್ತು. ಈ ಸಲ ಪ್ಲಾಸ್ಟಿಕ್ ಬಿಚ್ಚುವ ಮೊದಲೇ ನಾಲ್ಕರ ವಾರ-ವರ್ಷ ಓದಿ, ಫೋಟೊ ತೆಗೆದು, ಆ ಅಂಕಿಗಳನ್ನು ಬಿಲ್ಲಿನ ಮೇಲೆ ಬರೆಸಿಕೊಂಡೆ.

ಹಾಕಿಸುವಾಗ ಪಕ್ಕದಲ್ಲೇ ನಿಂತಿದ್ದೆ. ನಿಲ್ಲಬೇಕು. ಈ ಕಾರಿಗೆ ನಟ್ ಅಲ್ಲ, ಬೋಲ್ಟ್. ಕೊನೆಯ ಬೋಲ್ಟ್ ಬಿಚ್ಚಿದ ಕ್ಷಣ ಚಕ್ರ ಜಾರಿ ಬ್ರೇಕ್ ಕ್ಯಾಲಿಪರ್‌ಗೆ ಬಡಿಯುತ್ತದೆ. ಹಾಗಾಗಬಾರದು ಅಂತ ಬೋಲ್ಟ್ ತೂತಿಗೆ ಹಾಕಿ ಚಕ್ರವನ್ನು ಹಿಡಿದಿಡುವ ಎರಡು ಗೈಡ್ ಪಿನ್‌ಗಳನ್ನು ನಮ್ಮ ಲೇತ್‌ನಲ್ಲೇ ಮಾಡಿಕೊಂಡು ಹೋಗಿದ್ದೆ. ಭಾಯ್ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇನ್ನೊಂದು ಜೊತೆ ಮಾಡ್ಕೊಡಿ ಸಾರ್" ಅಂದರು. ಹುಡುಗನೊಬ್ಬ ಬಲಗಡೆಯ ಹಿಂದಿನ ಟೈರನ್ನು ರಿಮ್‌ಗೆ ಉಲ್ಟಾ ಕೂರಿಸಿದ್ದ. ಈ ಟೈರುಗಳ ಒಳ-ಹೊರ ಮೈಯ ಗೀರುಗಳು ಬೇರೆ ಬೇರೆ, 'ಔಟ್‌ಸೈಡ್' ಅಂತ ಬರೆದ ಬದಿ ಹೊರಗೇ ಬರಬೇಕು. ಬಿಚ್ಚಿ ಮತ್ತೆ ಹಾಕಿಸಿದೆ. ಬೋಲ್ಟ್‌ಗೆ ಬಿಗಿಯುವ ಗನ್ ಮುಟ್ಟಿಸಲು ಬಿಡಲಿಲ್ಲ, ಎಷ್ಟು ಬಿಗಿಯಾಯಿತು ಅಂತ ಅಳೆಯುವ ನನ್ನದೇ ಟಾರ್ಕ್ ವ್ರೆಂಚ್, 160 ನ್ಯೂಟನ್ ಮೀಟರ್. ರಿಮ್ ಸೈಜು ಬದಲಾಗಿದೆ ಅಂತ ಕಾರಿನ ಮೆನುವಿನಲ್ಲೂ ತಿಳಿಸಬೇಕು, ಇಲ್ಲದಿದ್ದರೆ ಗಾಳಿಯ ಒತ್ತಡ ನೋಡುವ ಮೀಟರ್ ಹಳೆಯ ಲೆಕ್ಕವನ್ನೇ ಹಿಡಿದು ಕೂಗುತ್ತದೆ. ನೈಟ್ರೋಜನ್ ತುಂಬಿಸಿ ಅಂತ ಒತ್ತಾಯ ಮಾಡಿದರು, ಮಾಮೂಲಿ ಗಾಳಿ ಸಾಕು ಅಂದೆ. ಗಾಳಿಯಲ್ಲಿ ಮುಕ್ಕಾಲು ಪಾಲು ನೈಟ್ರೋಜನ್ನೇ ಅಲ್ಲವೇ. ಒತ್ತಡ ನೋಡುವುದು ಮಾತ್ರ ಬೆಳಗಿನ ತಣ್ಣನೆಯ ಟೈರಿನಲ್ಲಿ. ಅರ್ಧ ಗಂಟೆ ಓಡಿಸಿ ಬಂಕಿನಲ್ಲಿ ನೋಡಿದರೆ ಮೂರು ನಾಲ್ಕು ಪಿಎಸ್‌ಐ ಹೆಚ್ಚೇ ತೋರಿಸುತ್ತದೆ. ಅದನ್ನು ನಂಬಿ ಗಾಳಿ ಬಿಟ್ಟರೆ ಮಾರನೇ ಬೆಳಿಗ್ಗೆ ಟೈರ್ ಮೆತ್ತಗೆ.

ಮೊದಲ 300 ಕಿ.ಮೀ. ಮೆಲ್ಲಗೆ ಓಡಿಸಿದೆ, ಹೊಸ ಟೈರಿನ ಮೇಲ್ಮೈಯ ಜಾರು ಪದರ ಹೋಗುವ ತನಕ. ಆಮೇಲೆ ಒಂದು ಬೆಳಿಗ್ಗೆ ಐದಕ್ಕೆ ಹಾಸನ ದಾಟಿ ಸಕಲೇಶಪುರ. 20 ಇಂಚಿನಲ್ಲಿ ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂಗು ತಿರುಗುತ್ತಿತ್ತು, 18ರಲ್ಲಿ ಅರ್ಧ ಕ್ಷಣದ ಅಲಸುತನ ಇದೆ. ಸುಳ್ಳು ಹೇಳುವುದಿಲ್ಲ, ಮೊದಲ ಹತ್ತು ಕಿ.ಮೀ. ಬೇಸರವಾಯಿತು. ಘಾಟ್ ಶುರುವಾಗುವ ಮುನ್ನ ರಸ್ತೆ ಕಿತ್ತುಹೋದ ಕಡೆ ಬಂದಾಗ ಬೇಸರ ಹೋಯಿತು. ಮೊದಲಾದರೆ ಆ ಜಾಗದಲ್ಲಿ ನಾನು ರಸ್ತೆ ನೋಡುತ್ತಿರಲಿಲ್ಲ, ಗುಂಡಿ ಎಣಿಸುತ್ತಿದ್ದೆ. ಒದ್ದೆ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟು ನೋಡಿದೆ, ಬೇಕಂತಲೇ. ಹಿಂಭಾಗ ಅಲುಗಲಿಲ್ಲ.

ಒಂಬತ್ತು ಸಾವಿರ ಕಿ.ಮೀ. ಆಯಿತು. ಕಳೆದ ಭಾನುವಾರ ವರ್ನಿಯರ್ ಇಟ್ಟಾಗ ಹಿಂದಿನ ಟೈರಿನ ಒಳಗೆ 4.6, ಹೊರಗೆ 5.1. ಮುಂದಿನದು ಇನ್ನೂ 6ರ ಮೇಲಿದೆ. ಹಿಂದೆ-ಮುಂದೆ ಸೈಜು ಬೇರೆ ಆದ್ದರಿಂದ ಅದಲು ಬದಲು ಮಾಡಿ ಸವೆತ ಹಂಚುವ ಹಾಗೂ ಇಲ್ಲ, ಹಿಂದಿನದು ಮೊದಲು ಮುಗಿಯುತ್ತದೆ. ಭಾಯ್‌ಗೆ ಫೋನ್ ಮಾಡಿ 265/45, ಎನ್1, ಎರಡು ಬೇಕು, ಎರಡೂ ಒಂದೇ ವಾರದ್ದಿರಲಿ ಅಂತ ಈಗಲೇ ಹೇಳಿಟ್ಟಿದ್ದೇನೆ. "ಗೈಡ್ ಪಿನ್ ಯಾವಾಗ ಸಾರ್?" ಅಂತ ಅವರೂ ಜ್ಞಾಪಿಸಿದರು.