ಹೊಳೆ ಏರುವ ಮೊದಲು ದನಗಳನ್ನು ಹೊರಡಿಸಿ

ಕೃಷ್ಣೆಯ ದಂಡೆಯ ನಮಗೆ ನೆರೆ ಬರುವುದು ನಮ್ಮೂರ ಮಳೆಯಿಂದಲ್ಲ. ಮಹಾರಾಷ್ಟ್ರದ ಮಹಾಬಳೇಶ್ವರ, ಕೊಯ್ನಾ ಕಡೆ ಮಳೆ ಹಿಡಿದರೆ ಸಾಕು, ಅಥಣಿ, ರಾಯಬಾಗ, ಜಮಖಂಡಿಯಲ್ಲಿ ಬಿಸಿಲಿದ್ದಾಗಲೇ ಹೊಳೆ ತುಂಬುತ್ತದೆ. ಹಾಗಾಗಿ ಆಕಾಶ ನೋಡಿ ನಿರ್ಧಾರ ಮಾಡಬೇಡಿ. ಗಡಿಯಾಚೆಯ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ನೀರು ಬರುತ್ತಿದೆ, ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳ–ಯಡೂರ ಸೇತುವೆ ಮುಳುಗಿದೆಯೇ ಎಂದು ವಿಚಾರಿಸಿ. ಆ ಸೇತುವೆ ಮುಳುಗಿದ ಸುದ್ದಿ ಬಂದ ದಿನವೇ ನಮ್ಮ ಎಮ್ಮೆ, ಎತ್ತುಗಳು ಎತ್ತರಕ್ಕೆ ಹೊರಡುತ್ತವೆ. ಮನೆಮಂದಿ ಆಮೇಲೆ.

ಈ ಕ್ರಮವನ್ನು ನಾನು ಹಟ ಹಿಡಿದು ಹೇಳುತ್ತೇನೆ. 2019ರ ಆಗಸ್ಟಿನಲ್ಲಿ ನೀರು ಅಂಗಳಕ್ಕೆ ಬಂದರೂ ಎಷ್ಟೋ ಮನೆಯವರು ಕದಲಲಿಲ್ಲ. ಬೋಟು ಬಂದಿತ್ತು, ಆದರೆ ಬೋಟಿನಲ್ಲಿ ಎಮ್ಮೆಗೆ ಜಾಗವಿಲ್ಲ. ಕಟ್ಟಿದ ದನವನ್ನು ಬಿಟ್ಟು ಬಾ ಎಂದರೆ ಯಾವ ರೈತ ಬರುತ್ತಾನೆ? ದನಕ್ಕೆ ನೆಲೆಯಾದರೆ ಜನ ತಾವಾಗಿಯೇ ಹೊರಡುತ್ತಾರೆ.

ಆ ನೆಲೆಯನ್ನು ಮೇ ತಿಂಗಳಲ್ಲೇ ಗೊತ್ತುಮಾಡಿಕೊಳ್ಳಿ. ಬೀಗರದೋ ಪರಿಚಯದವರದೋ ಮಡ್ಡಿ ಹೊಲ, ಅಂದರೆ ಎತ್ತರದ ಒಣ ಹೊಲ, ಆದೀತು, ಅಲ್ಲಿ ಬೋರ್‌ವೆಲ್ ಇರಬೇಕು. ದಾರಿಯನ್ನು ಒಮ್ಮೆ ನಡೆದು ನೋಡಿ: ನಡುವೆ ಹಳ್ಳವಿದ್ದರೆ ಆ ದಾರಿ ಬೇಡ. ಹೊಳೆಯ ನೀರು ಹಿಂದಕ್ಕೆ ಒತ್ತಿ, ಊರು ಮುಳುಗುವುದಕ್ಕಿಂತ ಮೊದಲೇ ಹಳ್ಳ ತುಂಬುತ್ತದೆ. ಸರ್ಕಾರದ ಕಾಳಜಿ ಕೇಂದ್ರಕ್ಕೆ ಹೋಗುವವರು ಅಲ್ಲಿ ದನ ಕಟ್ಟಲು ಜಾಗವಿದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ಮುಂಚೆಯೇ ಕೇಳಿ. ಹೆಚ್ಚಿನವು ಶಾಲೆಯ ಕೋಣೆಗಳು.

ಬಣವೆಯನ್ನೂ ಅಲ್ಲಿಯೇ ಒಟ್ಟಿ. ದೊಡ್ಡ ಎಮ್ಮೆಯೊಂದಕ್ಕೆ ದಿನಕ್ಕೆ ಆರೇಳು ಕಿಲೋ ಒಣ ಕಣಿಕೆಯಾದರೂ (ಜೋಳದ ದಂಟಿನ ಮೇವು) ಬೇಕು, ನೀರು ಐವತ್ತು ಲೀಟರಿಗೆ ಕಡಿಮೆ ಇಲ್ಲ. ಹದಿನೈದು ದಿನಕ್ಕೆ ಲೆಕ್ಕ ಹಾಕಿದರೆ ಒಂದೊಂದಕ್ಕೆ ಒಂದು ಕ್ವಿಂಟಲ್ ಕಣಿಕೆ. ನೆರೆಯಲ್ಲಿ ಕಬ್ಬಿನ ವಾಡೆ (ತುದಿಯ ಹಸಿ ಗರಿ) ಸುಲಭವಾಗಿ ಸಿಗುತ್ತದೆ, ಆದರೆ ಅದೊಂದನ್ನೇ ಹಾಕಬೇಡಿ, ಕಣಿಕೆ ಬೆರೆಸಿ, ಖನಿಜ ಮಿಶ್ರಣ ಕೊಡಿ. ನೆರೆಯಲ್ಲಿ ನೆನೆದು ಬೂಸ್ಟು ಹಿಡಿದ ಮೇವು ಮಾತ್ರ ಬೇಡವೇ ಬೇಡ.

ಗಂಟಲು ಊದಿಸುವ ಗಳಲೆ ರೋಗ, ತೊಡೆ, ಚಪ್ಪೆ ಊದಿಸುವ ಚಪ್ಪೆ ರೋಗಗಳ ಲಸಿಕೆಯನ್ನು ಮಳೆಗಾಲಕ್ಕೆ ಮೊದಲೇ ಹಾಕಿಸಿ. ಲಸಿಕೆಗೆ ಬಲ ಬರಲು ಎರಡು ಮೂರು ವಾರ ಬೇಕು, ಹೊಳೆ ಅಷ್ಟು ಕಾಯುವುದಿಲ್ಲ.

ಟ್ರೇಲರ್ ಕಂಡರೆ ಬೆದರುವ ದನವೇ ಹೆಚ್ಚು ತಡ ಮಾಡಿಸುತ್ತದೆ. ಬೇಸಿಗೆಯಲ್ಲೇ ರೂಢಿ ಮಾಡಿಸಿ. ಟ್ರೇಲರನ್ನು ದಿಬ್ಬಕ್ಕೆ ಹಿಮ್ಮುಖವಾಗಿ ನಿಲ್ಲಿಸಿ, ತಳಕ್ಕೆ ಕಬ್ಬಿನ ರವದಿ (ಒಣ ಗರಿ) ಹರಡಿ; ಜಾರಿ ಬಿದ್ದ ದನ ಮತ್ತೆ ಹತ್ತುವುದಿಲ್ಲ. ಕರುವನ್ನು ಮುಂದೆ ಹತ್ತಿಸಿದರೆ ತಾಯಿ ಹಿಂದೆಯೇ ಬರುತ್ತದೆ. ಬಡಿಗೆ ಬೇಕಾಗುವುದಿಲ್ಲ, ಗದ್ದಲ ಮಾಡುವವರನ್ನು ದೂರ ಕಳುಹಿಸಿ.

ಕೊಟ್ಟಿಗೆಯಲ್ಲಿ ಸರಪಳಿ ಬಿಟ್ಟು ಹಗ್ಗದ ಕಣ್ಣಿ ಬಳಸಿ. ಕೊರಳ ಗಂಟು ಬಿಗಿಯಬಾರದು, ಗೂಟದ ಗಂಟು ಎಳೆದ ಕೂಡಲೇ ಬಿಚ್ಚಬೇಕು. ಬಾಗಿಲ ಪಕ್ಕ ಕುಡುಗೋಲು ತೂಗುಹಾಕಿ, ಮನೆಯ ಮಕ್ಕಳಿಗೂ ಅದರ ಜಾಗ ಗೊತ್ತಿರಲಿ. ದನಗಳನ್ನು ಕರೆದೊಯ್ಯಲು ಸಾಧ್ಯವೇ ಆಗದಿದ್ದರೆ ಕಣ್ಣಿ ಕತ್ತರಿಸಿ, ಬಾಗಿಲು ತೆರೆದಿಟ್ಟು ಹೋಗಿ. ಬಿಟ್ಟ ದನ ಈಜಿಯಾದರೂ ದಡ ಸೇರೀತು. ನಾಯಿಗೂ ಇದೇ ಮಾತು. ಕಟ್ಟಿಹಾಕಿದ ನಾಯಿಯನ್ನು ಯಾರೂ ನೆನೆಯುವುದಿಲ್ಲ. ಬೆಕ್ಕು, ಕೋಳಿಗಳಿಗೆ ಮುಚ್ಚಳವಿರುವ ಬುಟ್ಟಿ ತೆಗೆದಿಡಿ.

ಪಶು ಇಲಾಖೆ ಹಾಕಿದ ಕಿವಿಯ ಓಲೆಯಲ್ಲಿರುವ (ಟ್ಯಾಗ್) 12 ಅಂಕಿಯ ಸಂಖ್ಯೆ ಕಾಣುವಂತೆ ಪ್ರತಿ ದನದ ಫೋಟೊ ತೆಗೆದು, ಬೇರೆ ಊರಿನ ನೆಂಟರ ಮೊಬೈಲಿಗೂ ಕಳುಹಿಸಿ. ಕೋಡಿನ ಮೇಲೆ ಬಣ್ಣದಲ್ಲಿ ನಿಮ್ಮ ಫೋನ್ ಸಂಖ್ಯೆ ಬರೆಯಿರಿ. 2022ರಲ್ಲಿ ಪರಿಷ್ಕರಿಸಿದ ವಿಪತ್ತು ಪರಿಹಾರದ ದರದಂತೆ ನೆರೆಯಲ್ಲಿ ಸತ್ತ ಹಾಲು ಕೊಡುವ ಹಸು, ಎಮ್ಮೆಗೆ 37,500, ಎತ್ತಿಗೆ 32,000, ಕರುವಿಗೆ 20,000, ಕುರಿ, ಮೇಕೆಗೆ 4,000 ರೂಪಾಯಿ. ಇಂದಿನ ಬೆಲೆಗೆ ಅದು ಅರ್ಧವೂ ಅಲ್ಲ, ಆದರೂ ಬಿಡಬೇಡಿ. ದನ ಸತ್ತರೆ ಹೂಳುವ ಮುನ್ನ ಪಶುವೈದ್ಯರಿಗೆ ತೋರಿಸಿ, ಪ್ರಮಾಣಪತ್ರ ಪಡೆಯಿರಿ.

ನೀರಿಳಿದ ಮೇಲೆ ದನಗಳನ್ನು ಕೂಡಲೇ ತರಬೇಡಿ. ನೆನೆದ ಗೋಡೆ ಆಮೇಲೆ ಕುಸಿಯುತ್ತದೆ, ಗೋದಲಿಯಲ್ಲಿ ಹಾವು ಇರುತ್ತದೆ. ಕೆಸರು ತೆಗೆದು, ಸುಣ್ಣ ಹಾಕಿ, ನೆಲ ಒಣಗಿಸಿ. ಗಂಟಲು ಊದಿದರೆ, ಜ್ವರ ಬಂದರೆ, ಗೊರಸು ಕೊಳೆತು ಕುಂಟಿದರೆ 1962ಕ್ಕೆ ಕರೆ ಮಾಡಿ, ಪಶು ಸಂಜೀವಿನಿ ವಾಹನ ದನ ಇರುವಲ್ಲಿಗೇ ಬರುತ್ತದೆ. ನೀವು ಈಗ ಎಲ್ಲಿದ್ದೀರಿ ಎಂಬುದನ್ನು ಸರಿಯಾಗಿ ಹೇಳಿ, ಊರಿನ ಹೆಸರಲ್ಲ, ಮಡ್ಡಿಯ ಗುರುತು.