ಬಿದ್ದ ಕಾಯಿ ಹೆಕ್ಕದೆ ಹಾಗಲ ಬಳ್ಳಿಗೆ ಮದ್ದು ಹೊಡೆಯಬೇಡಿ

ಹಾಗಲಕಾಯಿ ಒಂದು ಕಡೆಗೆ ಡೊಂಕಾಗಿದೆ, ಡೊಂಕಿನ ಬದಿ ಹಳದಿ, ಹೆಚ್ಚಿದರೆ ಒಳಗೆ ಬಿಳಿ ಹುಳ ಮಿಜಿಮಿಜಿ. ಆಶ್ಲೇಷಾ ಮಳೆಯ ಹೊತ್ತಿಗೆ ನಮ್ಮ ಶಿರಸಿ ಸುತ್ತಮುತ್ತ ಯಾರ ಹಿತ್ತಲಿಗೆ ಹೋದರೂ ಇದೇ ದೂರು. ಚೌತಿ ಎದುರಿಗಿರುತ್ತದೆ, ಗಣಪತಿಯ ಮೇಲೆ ತೂಗುವ ಫಲಾವಳಿಗೆ ಕಟ್ಟಲು ಕಲೆಯಿಲ್ಲದ ನಾಲ್ಕು ಕಾಯಿ ಬೇಕು, ಕೈಗೆ ಸಿಕ್ಕಿದ ಮದ್ದು ಹೊಡೆದುಬಿಡೋಣ ಅನ್ನಿಸುತ್ತದೆ. ನಮ್ಮ ತವರಿನ ಕಡೆಯ ಹುಡುಗನೊಬ್ಬ ಅಡಿಕೆ ತೋಟಕ್ಕೆ ಮಾಡಿದ ಬೋರ್ಡೋ ದ್ರಾವಣ ಉಳಿದಿತ್ತೆಂದು ಅದನ್ನೇ ಹಾಗಲ ಚಪ್ಪರಕ್ಕೆ ಹೊಡೆದಿದ್ದ. ಮೈಲುತುತ್ತ, ಸುಣ್ಣ ಇರುವುದು ಕೊಳೆರೋಗಕ್ಕೆ, ಅಂದರೆ ಬೂಷ್ಟಿಗೆ. ಕಾಯಿಯ ಹೊಟ್ಟೆಯಲ್ಲಿ ಕೂತ ಹುಳಕ್ಕೆ ಅದರಿಂದ ಏನಾದೀತು? ಎಲೆ ನೀಲಿಯಾಯಿತು, ಹುಳ ಸುಖವಾಗಿತ್ತು.

ಚಪ್ಪರಕ್ಕೆ ಬರುವ ಹುಳವೆಲ್ಲ ಒಂದೇ ಜಾತಿಯದಲ್ಲ. ಒಂದೊಂದು ಮಳೆಗೆ ಒಂದೊಂದು. ರೋಹಿಣಿ ಮಳೆಗೆ ಊರಿದ ಬೀಜ ಮೃಗಶಿರಾ ಹೊತ್ತಿಗೆ ಎರಡೆಲೆ ಬಿಟ್ಟಿತೋ ಇಲ್ಲವೋ, ಕೇಸರಿಗೆಂಪು ಬಣ್ಣದ, ಅಕ್ಕಿಕಾಳಿನಷ್ಟುದ್ದದ ದುಂಬಿ ಬಂದು ಕೂತಿರುತ್ತದೆ. ಹಾಗಲ ಅದಕ್ಕೆ ಅಷ್ಟು ರುಚಿಸುವುದಿಲ್ಲ, ಪಕ್ಕದ ಸೌತೆ, ಕುಂಬಳ, ಹೀರೆಯ ಸಸಿಗಳನ್ನು ಮಾತ್ರ ಬಿಡುವುದಿಲ್ಲ. ನಾಲ್ಕೆಲೆ ಆಗುವ ಮೊದಲು ತಿಂದರೆ ಸಸಿ ಹೋಯಿತೆಂದೇ ಲೆಕ್ಕ. ಬಿಸಿಲೇರಿದ ಮೇಲೆ ಹತ್ತಿರ ಹೋದರೆ ಹಾರಿಬಿಡುತ್ತದೆ. ಬೆಳಗ್ಗೆ ಚಳಿಗೆ ಜಡವಾಗಿರುವಾಗ ಸೋಪಿನ ನೀರಿನ ಪಾತ್ರೆಯನ್ನು ಎಲೆಯ ಕೆಳಗೆ ಹಿಡಿದು ಮೇಲಿನಿಂದ ತಟ್ಟಿದರೆ ತಾನಾಗಿ ಒಳಗೆ ಉದುರುತ್ತದೆ. ಬಚ್ಚಲೊಲೆಯ ಬೂದಿಯನ್ನು ಜರಡಿ ಹಿಡಿದು, ಎಲೆ ಇನ್ನೂ ಒದ್ದೆಯಿರುವಾಗ ಉದುರಿಸುವುದು ನಮ್ಮ ಅತ್ತೆಯವರ ಕಾಲದ ಪದ್ಧತಿ. ಒಳ್ಳೆಯದೇ, ಆದರೆ ನಮ್ಮಲ್ಲಿ ಹಿಡಿದ ಮಳೆ ಬಿಡಬೇಕಲ್ಲ, ಅರ್ಧ ಗಂಟೆಯಲ್ಲಿ ಬೂದಿ ಮಣ್ಣುಪಾಲು. ನಾನು ಈಗ ಹಳೆಯ ಸೊಳ್ಳೆ ಪರದೆಯ ತುಂಡು ಮುಚ್ಚಿ ಅಂಚಿಗೆ ಕಲ್ಲಿಡುತ್ತೇನೆ. ಬಳ್ಳಿ ಕೋಲು ಹಿಡಿಯುವ ಹದಕ್ಕೆ ಬಂದ ಮೇಲೆ ತೆಗೆದರಾಯಿತು. ಈ ದುಂಬಿಯ ಮರಿಹುಳ ಮಣ್ಣಿನಲ್ಲಿದ್ದು ಬೇರು ತಿನ್ನುತ್ತದೆ, ಅದಕ್ಕೇ ಹೋದ ವರ್ಷ ಹಾಕಿದ ಜಾಗದಲ್ಲೇ ಈ ವರ್ಷ ಮತ್ತೆ ಬೀಜ ಊರಬೇಡಿ.

ಚಪ್ಪರ ಹತ್ತಿದ ಮೇಲೆ ಎಲೆಯ ಹಸಿರನ್ನೆಲ್ಲ ಯಾರೋ ಕೆರೆದು ಬರೀ ನರದ ಬಲೆ ಉಳಿಸಿದಂತೆ ಕಂಡರೆ, ಎಲೆ ಮಗುಚಿ ನೋಡಿ. ಮಂಕು ಕಂದು ಬಣ್ಣದ, ಬೆನ್ನ ಮೇಲೆ ಕಪ್ಪು ಚುಕ್ಕೆಗಳಿರುವ ದುಂಡನೆಯ ದುಂಬಿ, ಜತೆಗೆ ಮೈತುಂಬ ಮುಳ್ಳಿರುವ ಹಳದಿ ಮರಿಗಳು. ಇಲ್ಲೇ ಬಹಳ ಜನ ಎಡವುವುದು. ಗುಲಗಂಜಿ ಹುಳವೂ ದುಂಡಗೆ, ಅದಕ್ಕೂ ಚುಕ್ಕೆ. ಆದರೆ ಅದರ ಬೆನ್ನು ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ, ತಿನ್ನುವುದು ಎಲೆಯನ್ನಲ್ಲ, ಗಿಡದ ರಸ ಹೀರುವ ಹೇನನ್ನು. ಎಲೆ ತಿನ್ನುವ ದುಂಬಿಯ ಬೆನ್ನಿಗೆ ಹೊಳಪಿಲ್ಲ, ಸಣ್ಣ ರೋಮವಿರುತ್ತದೆ. ಮೊಟ್ಟೆ ಎರಡರದ್ದೂ ಹಳದಿ, ಎರಡೂ ಗುಂಪಾಗಿ ನೆಟ್ಟಗೆ ನಿಲ್ಲಿಸಿಟ್ಟ ಹಾಗೆ. ಬಣ್ಣ ನೋಡಿ ಹೊಸಕಿ ಹಾಕಬೇಡಿ. ಸುತ್ತ ಹೇನಿದ್ದರೆ ಬಿಡಿ, ಸುತ್ತ ಜಾಲರಿ ಎಲೆಯಿದ್ದರೆ ಎಲೆ ಸಮೇತ ಚಿವುಟಿ ತೆಗೆಯಿರಿ. ಎಲೆಯ ಮೇಲೆ ಬಿಳಿ ಅಂಕುಡೊಂಕು ಗೆರೆ ಬರೆದಂತೆ ಇದ್ದರೆ ಅದು ರಂಗೋಲಿ ಹುಳ. ಬುಡದ ಹಳೆ ಎಲೆಗೆ ಬಂದರೆ ಕೊಯ್ದೆಸೆದು ಸುಮ್ಮನಿರಿ.

ಹೇನು ಹೆಚ್ಚು ಕಾಡುವುದು ಅಲಸಂಡೆಗೆ. ಕುಡಿಯಲ್ಲಿ, ಎಳೆ ಕಾಯಿಯ ಮೈಮೇಲೆ ಎಳ್ಳು ಮೆತ್ತಿದ ಹಾಗೆ ಕಪ್ಪಗೆ ಕೂತಿರುತ್ತದೆ. ಇರುವೆಗಳು ಕೋಲು ಹತ್ತಿ ಇಳಿಯುತ್ತಿದ್ದರೆ ಮೇಲೆ ಹೇನಿದೆ ಎಂದೇ ತಿಳಿಯಿರಿ, ಹೇನು ಬಿಡುವ ಸಿಹಿ ಅಂಟಿನ ಆಸೆಗೆ ಇರುವೆ ಅದನ್ನು ಕಾಯುತ್ತದೆ. ಮಳೆಗಾಲದಲ್ಲಿ ಜಡಿಮಳೆಯೇ ತೊಳೆದು ಹಾಕುತ್ತದೆ. ಕಾರವಾರದಲ್ಲಿರುವ ಮಗಳ ಮನೆಯವರು ಭತ್ತ ಕೊಯ್ದ ಗದ್ದೆಯಲ್ಲಿ ಅಲಸಂಡೆ ಹಾಕುವುದು, ಅವಳಿಗೆ ಆ ಭಾಗ್ಯ ಇಲ್ಲ. ಮೊದಲು ನೀರನ್ನು ರಭಸವಾಗಿ ಬಿಟ್ಟು ತೊಳೆ, ತೀರಾ ಮೆತ್ತಿದ ಕುಡಿ ಚಿವುಟು, ಆಮೇಲೂ ಉಳಿದರೆ ಬೇವಿನ ಎಣ್ಣೆ ಅಂತ ಅವಳಿಗೆ ಹೇಳಿದ್ದೇನೆ. ಒಂದು ಲೀಟರ್ ನೀರಿಗೆ 5 ಮಿಲಿ ಎಣ್ಣೆ. ಎಣ್ಣೆಗೆ ಮೊದಲು ಸ್ವಲ್ಪ ಸೋಪಿನ ನೀರು ಹಾಕಿ ಹಾಲಿನ ಹಾಗೆ ಆಗುವವರೆಗೆ ಕಲಕಿ, ಆಮೇಲೆ ಉಳಿದ ನೀರು ಸೇರಿಸಿ. ಇಲ್ಲದಿದ್ದರೆ ಎಣ್ಣೆ ಮೇಲೆ ತೇಲುತ್ತದೆ, ನೀರು ಮಾತ್ರ ಎಲೆಗೆ ಹೋಗುತ್ತದೆ. ಬಿಸಿಲಿಳಿದ ಮೇಲೆ ಎಲೆಯ ಅಡಿಭಾಗಕ್ಕೆ ಹೊಡೆಯಿರಿ. ಹೀರೆ ಹೂವು ಸಂಜೆಗೇ ಅರಳುವುದರಿಂದ ಅದರ ಹೂವಿಗೆ ತಾಗದಂತೆ ನೋಡಿಕೊಳ್ಳಿ. ಕಲಸಿದ್ದನ್ನು ಅಂದೇ ಮುಗಿಸಿ.

ಇನ್ನು ಆ ಡೊಂಕು ಹಾಗಲಕಾಯಿ. ಅದು ಹಣ್ಣುನೊಣದ ಕೆಲಸ. ಮನೆನೊಣಕ್ಕಿಂತ ತುಸು ಉದ್ದ, ಕಂದುಹಳದಿ ಮೈ, ದೂರದಿಂದ ಸಣ್ಣ ಕಣಜದ ಹಾಗೆ ಕಾಣುತ್ತದೆ. ಹೆಣ್ಣು ನೊಣ ಎಳೆ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ, ಚುಚ್ಚಿದಲ್ಲಿ ಅಂಟಿನ ಹನಿ ಒಸರುತ್ತದೆ. ಒಂದೆರಡು ದಿನಕ್ಕೆ ಮರಿಯಾಗಿ ತಿರುಳು ತಿನ್ನತೊಡಗುತ್ತದೆ. ಆದರೆ ಹಳದಿಯಾದದ್ದೆಲ್ಲ ನೊಣದ್ದಲ್ಲ. ಕಿರುಬೆರಳಿನಷ್ಟಿರುವಾಗಲೇ ಮುರುಟಿದ ಕಾಯಿಯನ್ನು ಸೀಳಿ ನೋಡಿ. ಒಳಗೆ ಹುಳವೂ ಇಲ್ಲ, ಮೈಮೇಲೆ ಚುಚ್ಚಿದ ಗುರುತೂ ಇಲ್ಲ ಅಂದರೆ ಪರಾಗ ಸಿಕ್ಕಿಲ್ಲ. ಬಿಡದೆ ಸುರಿಯುವ ಮಳೆಯಲ್ಲಿ ಜೇನು ಎಲ್ಲಿ ಬರಬೇಕು? ಬೆಳಗ್ಗೆ ಗಂಡು ಹೂವು ಕೊಯ್ದು, ಬುಡದಲ್ಲಿ ಮಿಡಿಯಿರುವ ಹೆಣ್ಣು ಹೂವಿಗೆ ನೀವೇ ಮುಟ್ಟಿಸಿ.

ನೊಣದ ಹುಳ ಬಲಿತ ಮೇಲೆ ಕಾಯಿಯಿಂದ ಹೊರಬಿದ್ದು, ಬಿಲ್ಲಿನ ಹಾಗೆ ಬಾಗಿ ಟಣ್ಣನೆ ಹಾರಿ, ಮಣ್ಣು ಸೇರಿ ಕೋಶವಾಗುತ್ತದೆ. ಅಲ್ಲಿಂದ ಮತ್ತೆ ನೊಣ. ಚಪ್ಪರದ ಮೇಲೆ ಎಷ್ಟು ಮದ್ದು ಹೊಡೆದರೂ ಕಾಯಿಯೊಳಗಿನ ಹುಳಕ್ಕೆ, ಮಣ್ಣೊಳಗಿನ ಕೋಶಕ್ಕೆ ತಾಗುವುದಿಲ್ಲ. ನನಗೆ ಇದು ತಿಳಿದದ್ದು ತಡವಾಗಿ. ಮೊದಲೆಲ್ಲ ಹುಳುಕು ಕಾಯಿಗಳನ್ನು ಹೆಕ್ಕಿ ಕೊಟ್ಟಿಗೆ ಹಿಂದಿನ ಗೊಬ್ಬರಗುಂಡಿಗೆ ಎಸೆದು ಕೈ ತೊಳೆದುಕೊಳ್ಳುತ್ತಿದ್ದೆ, ಅಚ್ಚುಕಟ್ಟಿನ ಹೆಂಗಸು ಅಂತ ನನಗೆ ನಾನೇ ಹೇಳಿಕೊಂಡು. ಆ ವರ್ಷ ಕೊನೆಯ ಕಾಯಿಯವರೆಗೂ ಹುಳ. ಚಪ್ಪರದಿಂದ ಇಪ್ಪತ್ತು ಮಾರು ದೂರದಲ್ಲಿ ನಾನೇ ನೊಣ ಸಾಕಿದ್ದೆ!

ಈಗ ದಿನ ಬಿಟ್ಟು ದಿನ ಚಪ್ಪರದಡಿ ಹೋಗಿ ಬಿದ್ದದ್ದು, ಬಳ್ಳಿಯಲ್ಲೇ ಹಳದಿಯಾದದ್ದು ಎಲ್ಲ ಹೆಕ್ಕಿ ತಂದು ಬಚ್ಚಲೊಲೆಯ ಮೇಲೆ ಹಳೆ ಪಾತ್ರೆಯಲ್ಲಿ ಕುದಿಸಿಬಿಡುತ್ತೇನೆ. ಒಲೆ ಇಲ್ಲದವರು ಎರಡಡಿ ಆಳಕ್ಕೆ ಹೂತು ಮಣ್ಣು ತುಳಿದು ಮುಚ್ಚಿ, ಮೇಲೆಮೇಲೆ ಮುಚ್ಚಿದರೆ ನೊಣ ಎದ್ದು ಬರುತ್ತದೆ. ಬಳ್ಳಿಯ ಬೇರು ಕಡಿಯದಂತೆ ಬುಡದ ಮಣ್ಣನ್ನು ಆಗಾಗ ಕೆದಕಿ. ಪಕ್ಕದ ಮನೆಯ ಕೋಳಿ ಬಂದು ಕೆದಕಿದರೆ ಬೈಯಬೇಡಿ, ಕೋಶ ಹೆಕ್ಕಿ ತಿನ್ನುತ್ತಿರುತ್ತದೆ.

ಚೌತಿಗೆ ಬೇಕಾದ ಕಾಯಿಗೆ ಮಾತ್ರ ಕೊಟ್ಟೆ, ಅಂದರೆ ಮುಚ್ಚುವ ಚೀಲ, ಕಟ್ಟಿ. ಅಡಿಕೆ ಕೊನೆಗೆ ಕಟ್ಟುವವರಿಗೆ ಇದನ್ನು ಹೇಳಿಕೊಡಬೇಕೇ? ಹೂವು ಬಾಡಿ ಕಾಯಿ ಬೆರಳುದ್ದ ಆಗುತ್ತಿದ್ದಂತೆ ಕಟ್ಟಬೇಕು, ಚುಚ್ಚಿದ ಮೇಲೆ ಕಟ್ಟಿದರೆ ಹುಳವನ್ನೇ ಕಟ್ಟಿಟ್ಟಂತೆ. ಪೇಪರ್ ನಮ್ಮ ಮಳೆಗೆ ನಿಲ್ಲುವುದಿಲ್ಲ. ಹಳೆಯ ಪಂಚೆಯ ಚೀಲ ಸಡಿಲವಾಗಿರಲಿ, ಬಟ್ಟೆ ಕಾಯಿಗೆ ಅಂಟಿದರೆ ನೊಣ ಅದರ ಮೇಲಿನಿಂದಲೇ ಚುಚ್ಚುತ್ತದೆ. ಪ್ಲಾಸ್ಟಿಕ್ ಆದರೆ ತಳಕ್ಕೆ ಸೂಜಿಯಲ್ಲಿ ನಾಲ್ಕು ತೂತು ಮಾಡಿ, ನೀರು ನಿಂತರೆ ಕಾಯಿ ಕೊಳೆಯುತ್ತದೆ.

ತುಳಸಿ ರಸದ ಬಲೆ ಕಟ್ಟಿ ಅಂತ ಒಬ್ಬರು ಹೇಳಿದ್ದರು. ಅದು ಮಾವಿನ ನೊಣವನ್ನು ಕರೆಯುತ್ತದೆ. ಹಾಗಲದ ನೊಣ ಬೇರೆ, ಅದಕ್ಕೆ ಕ್ಯೂ ಲ್ಯೂರ್ ಎಂಬ ಮದ್ದಿನ ಬಲೆ ಬೇಕು, ಕೇಳಿ ತೆಗೆದುಕೊಳ್ಳಿ. ಅದರಲ್ಲೂ ಬೀಳುವುದು ಗಂಡು ನೊಣ ಮಾತ್ರ, ಹೆಕ್ಕುವ ಕೆಲಸ ತಪ್ಪುವುದಿಲ್ಲ. ಅಂಗಡಿಯ ಜೋರು ಕೀಟನಾಶಕ ನಾನು ಹಿತ್ತಲಿಗೆ ತರುವುದಿಲ್ಲ. ಹೊಡೆದ ಮೇಲೆ ಇಂತಿಷ್ಟು ದಿನ ಕೊಯ್ಯಬಾರದು ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ, ಎರಡು ದಿನಕ್ಕೊಮ್ಮೆ ಕೊಯ್ಯುವ ಬಳ್ಳಿಯಲ್ಲಿ ಅಷ್ಟು ಕಾಯುವವರು ಯಾರು?

ಬೀಜಕ್ಕೆ ಬಿಟ್ಟ ಕಾಯಿಯ ಕೊಟ್ಟೆಯನ್ನು ಮಾತ್ರ ಅದು ಪೂರ್ತಿ ಹಣ್ಣಾಗುವವರೆಗೆ ಬಿಚ್ಚಬೇಡಿ. ಆಮೇಲೆ ಬೀಜದ ಮೇಲಿನ ಕೆಂಪು ತಿರುಳು ತೊಳೆದು, ನೆರಳಲ್ಲಿ ಒಣಗಿಸಿ, ಒಲೆಯ ಬೂದಿಯಲ್ಲಿ ಹೊರಳಿಸಿ ಬಾಟಲಿಗೆ ತುಂಬಿ ಬಿರಡೆ ಹಾಕಿಡಿ.