ಹದ್ದುಬಸ್ತು ಮೊದಲು, ಡಿಪಿಆರ್ ಕೊನೆಗೆ

ಕೆರೆ ಕೆಲಸದ ಅನುಮತಿಗೆ ಎಲ್ಲರೂ ಮೊದಲು ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಮಾಡಿಸುತ್ತಾರೆ. ನಾನು ಕೊನೆಗೆ ಮಾಡಿಸಿದೆ. ‘ಡಿಪಿಆರ್ ಇಲ್ಲದ ಕಡತವನ್ನು ಯಾರೂ ಬಿಚ್ಚಿಯೂ ನೋಡಲ್ಲ’ ಅಂತ ಜಲನೀತಿ ಸಂಶೋಧನೆಯಲ್ಲಿರುವ ಗೆಳೆಯರು ನಕ್ಕಿದ್ದರು. ಬಯಲುಸೀಮೆಯ ಇಪ್ಪತ್ತು ಎಕರೆ ಚಿಲ್ಲರೆ ಕೆರೆ. ಹೂಳು, ತೂಬು, ಕೋಡಿ ಮೂರಕ್ಕೂ ಸೇರಿ ಸುಮಾರು ಹದಿಮೂರು ತಿಂಗಳಲ್ಲಿ ಕಾಗದವೆಲ್ಲ ಕೈಗೆ ಬಂತು. ಅದಕ್ಕೆ ಮುಂಚಿನ ಎರಡು ಕೆರೆಗಳಲ್ಲಿ ಡಿಪಿಆರ್ ಮೊದಲು ಮಾಡಿಸಿ ಎರಡೂವರೆ ವರ್ಷ, ನಾಲ್ಕು ಲಕ್ಷದ ಹತ್ತಿರ ಹೋಗಿತ್ತು. ಎರಡೂ ವಿಸ್ತೀರ್ಣದಲ್ಲೇ ಮುಗ್ಗರಿಸಿದವು.

ಪಹಣಿಯಲ್ಲಿ ಒಂದು ವಿಸ್ತೀರ್ಣ, ಸರ್ವೆ ನಂಬರುಗಳ ವಿಸ್ತೀರ್ಣ-ಕಂದಾಯದ ಪಟ್ಟಿಯಾದ ಆಕಾರಬಂದ್‌ನಲ್ಲಿ ಇನ್ನೊಂದು, ಗ್ರಾಮ ನಕಾಶೆ ಅಳೆದರೆ ಮೂರನೆಯದು, ಗೂಗಲ್ ಅರ್ಥ್‌ನಲ್ಲಿ ನಾಲ್ಕನೆಯದು. ಡಿಪಿಆರ್ ಬರೆಯುವವರು ಹಿಡಿಯುವುದು ನಾಲ್ಕನೆಯದನ್ನು. ಕಂದಾಯದವರ ಮೇಜಿಗೆ ಹೋದ ದಿನವೇ ಅದು ವಾಪಸ್. ವಿಸ್ತೀರ್ಣ ಬದಲಾದರೆ ಹೂಳಿನ ಲೆಕ್ಕ ಬದಲಾಗುತ್ತೆ, ಅಂದಾಜು ಮೊತ್ತ ಬದಲಾಗುತ್ತೆ, ಮೊತ್ತ ಮಿತಿ ದಾಟಿದರೆ ಮಂಜೂರು ಮಾಡುವ ಅಧಿಕಾರಿಯೇ ಬದಲಾಗುತ್ತಾರೆ. ಕಡತ ಮತ್ತೆ ಮೊದಲಿಂದ.

ಹಾಗಾಗಿ ಈ ಸಲ ಮೊದಲು ಟಿಪ್ಪಣಿ (ಮೂಲ ಅಳತೆಯ ಕೈನಕ್ಷೆ), ಆಕಾರಬಂದ್, ನಕಾಶೆಗಳ ದೃಢೀಕೃತ ನಕಲು. ಕೆಲವು ಕೇಳಿದ ಕೂಡಲೇ ಸಿಕ್ಕವು, ಕೆಲವಕ್ಕೆ ಮಾಹಿತಿ ಹಕ್ಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಎರಡು ಸರ್ವೆ ನಂಬರ್‌ಗಳ ದಾಖಲೆ ಒಂದೇ ಅರ್ಜಿಯಲ್ಲಿ ಕೇಳಿ ಒಂದು ತಿಂಗಳು ಕಳೆದುಕೊಂಡೆ. ಆಮೇಲೆ ಬಿಡಿಬಿಡಿಯಾಗಿ, ಹತ್ತು ರೂಪಾಯಿಗೊಂದರಂತೆ ಹಾಕಿದೆ.

ಟಿಪ್ಪಣಿ ಓದುವಾಗ ಹುಷಾರು. ಅದರಲ್ಲಿರುವ ಸರಪಳಿ 33 ಅಡಿಯದು, ಒಂದು ಸರಪಳಿಗೆ 16 ಆಣೆ. 33 ಅಡಿ ಚೌಕವೇ ಒಂದು ಗುಂಟೆ, ನಲವತ್ತು ಗುಂಟೆಗೆ ಎಕರೆ. ಪುಸ್ತಕದಲ್ಲಿ 66 ಅಡಿ ಸರಪಳಿ ಕಲಿತವರು ಅದನ್ನೇ ಇಲ್ಲಿ ಹಾಕಿಬಿಡುತ್ತಾರೆ. ವಿಸ್ತೀರ್ಣ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬರುತ್ತೆ. ಒಂದು ಸಲ ಇಪ್ಪತ್ತು ಎಕರೆ ಕೆರೆ ಎಂಬತ್ತು ಎಕರೆಯಾಗಿ ನನ್ನ ಕರಡಿನಲ್ಲೇ ಕೂತಿತ್ತು. ಕೆಲಸ ಕೇಳಿಕೊಂಡು ಬರುವ ಸ್ನಾತಕೋತ್ತರದವರಿಗೆ ಈಗ ನಾನು ಕೊಡುವ ಪರೀಕ್ಷೆ ಇದೊಂದೇ: ಒಂದು ಟಿಪ್ಪಣಿ, ಒಂದು ಸ್ಕೇಲು, ಒಂದು ಮಧ್ಯಾಹ್ನ. ಜಿಐಎಸ್ ಎಲ್ಲರಿಗೂ ಬರುತ್ತೆ, ಆಣೆ ಯಾರಿಗೂ ಬರಲ್ಲ.

ಎರಡನೆಯದು ಗ್ರಾಮಸಭೆಯ ನಡವಳಿ, ಸರ್ವೆ ನಂಬರ್ ಸಮೇತ. ‘ಊರ ಮುಂದಿನ ಕೆರೆ’ ಅಂತ ಬರೆದ ನಡವಳಿ ನಡೆಯಲ್ಲ. ಮೂರನೆಯದು ಹದ್ದುಬಸ್ತು, ಅಂದರೆ ಗಡಿ ಅಳೆದು ಗುರುತು ಹಾಕಿಸುವುದು. ಭೂಮಾಪಕರು ಬರುವ ದಿನ ತೂಬಿನ ನೀರು ಬಿಡುವ ನೀರಗಂಟಿ ಜೊತೆಗಿರಲೇಬೇಕು. ಹಳೆಯ ಗಡಿಕಲ್ಲು ಯಾವ ಪೊದೆಯಲ್ಲಿದೆ ಅಂತ ಗೊತ್ತಿರುವುದು ಅವರಿಗೆ. ಅಂಚಿನ ಜಮೀನಿನವರಿಗೆ ನೋಟಿಸು ಮುಟ್ಟಿದ ಸಹಿ ಇಲ್ಲದಿದ್ದರೆ ಅಳತೆ ನಿಲ್ಲುತ್ತೆ. ನನಗೆ ಎರಡು ಸಲ ನಿಂತಿತು, ಒಮ್ಮೆ ಒಂದೇ ಒಂದು ಸಹಿಗಾಗಿ.

ಕೆರೆ ಯಾರದ್ದು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ಕಡತದ ಮೇಲೆ ಇಟ್ಟೆ. ನೆಲ ಕಂದಾಯದ್ದು. ಅಚ್ಚುಕಟ್ಟು, ಅಂದರೆ ಕೆರೆ ನೀರುಣ್ಣುವ ಜಮೀನು, 40 ಹೆಕ್ಟೇರಿನೊಳಗಿದ್ದರಿಂದ ಏರಿ, ತೂಬು ಪಂಚಾಯತ್ ಕಡೆಯದು. ಮೀರಿದ್ದರೆ ಸಣ್ಣ ನೀರಾವರಿ ಇಲಾಖೆಯದು. ಸಾಮಾಜಿಕ ಅರಣ್ಯದ ಕಾಲದಲ್ಲಿ ಅಂಗಳದಲ್ಲಿ ನೆಟ್ಟ ಗೊಬ್ಬಳಿ ಮರಗಳು ಅರಣ್ಯ ಇಲಾಖೆಯವು. ಮೀನು ಗುತ್ತಿಗೆದಾರರದ್ದು. ಎಲ್ಲರೂ ಮರೆಯುವುದು ಈ ಮೀನನ್ನೇ. ಗುತ್ತಿಗೆ ಇನ್ನೊಂದು ಹಂಗಾಮು ಬಾಕಿ ಇದ್ದರೆ ನೀರು ಖಾಲಿ ಮಾಡುವಂತಿಲ್ಲ. ಗೊಬ್ಬಳಿಗಂತೂ ಎಣಿಕೆ, ಮೌಲ್ಯ, ಹರಾಜು ಅಂತ ಐದು ತಿಂಗಳು ತಿಂದಿತು. ಅದೊಂದನ್ನು ಮೊದಲ ದಿನವೇ ಶುರು ಮಾಡಬೇಕಿತ್ತು.

ಪರಿಸರ ಅನುಮತಿ ಬೇಕೇ ಅಂತ ಪ್ರತಿ ಮೇಜಿನಲ್ಲೂ ಕೇಳುತ್ತಾರೆ. 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಗೆ 2016ರ ಜನವರಿಯಲ್ಲಿ ಸೇರಿದ ಒಂಬತ್ತನೇ ಅನುಬಂಧದಲ್ಲಿ ಸರ್ಕಾರಿ ಯೋಜನೆ ಇಲ್ಲವೇ ಸಮುದಾಯದ ಶ್ರಮದಿಂದ ಊರ ಕೆರೆಯ ಹೂಳೆತ್ತುವುದಕ್ಕೆ ವಿನಾಯಿತಿ ಇದೆ. ಆ ಪುಟದ ಪ್ರತಿ ಲಗತ್ತಿಸಿ, ಸಾಲಿನ ಕೆಳಗೆ ಗೆರೆ ಎಳೆದೆ. 2017ರ ಜೌಗುಪ್ರದೇಶ ನಿಯಮದ ವ್ಯಾಖ್ಯೆ ನೀರಾವರಿಗಾಗಿಯೇ ಕಟ್ಟಿದ ಕೆರೆಗಳನ್ನು ಹೊರಗಿಟ್ಟಿದೆ, ಅದರದ್ದೂ ಒಂದು ಪ್ರತಿ. ಬೆಂಗಳೂರಿನ ವರದಿಗಳಿಂದ ನಕಲು ಹೊಡೆಯುವವರಿಗೆ ಒಂದು ಮಾತು: ಕೆರೆ ಸುತ್ತ ಕಟ್ಟಡ ಬಾರದ ಆ 75 ಮೀಟರ್ ಬಫರ್ 2016ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ (ಎನ್‌ಜಿಟಿ) ಆದೇಶದ್ದು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿಯಾಗಿದೆ. ಈಗಲೂ ಕರಡುಗಳಲ್ಲಿ ಕಾಣುತ್ತೆ.

ಹೂಳಿನ ಆಳಕ್ಕೆ ಡ್ರೋನ್ ಹಾರಿಸಿ ಇಪ್ಪತ್ತೈದು ಸಾವಿರ ಹಾಳು ಮಾಡಿಕೊಂಡೆ. ಬಳ್ಳಾರಿ ಜಾಲಿಯ ತಲೆ ಕಾಣಿಸಿತೇ ಹೊರತು ನೆಲವಲ್ಲ. ಕೊನೆಗೆ 12 ಎಂಎಂ ಕಂಬಿಗೆ ಅರ್ಧ ಅಡಿಗೊಂದು ಬಣ್ಣದ ಪಟ್ಟಿ ಹಚ್ಚಿ, 30 ಮೀಟರಿಗೊಂದು ಕಡೆ ಒತ್ತಿಸಿದೆ. ಮೆತ್ತನೆಯ ಹೂಳು ಮುಗಿದು ಗಟ್ಟಿ ತಳ ಸಿಕ್ಕಾಗ ಕೈಗೆ ಗೊತ್ತಾಗುತ್ತೆ. ತಳದ ಆ ಜೇಡಿ ಪದರ ಮುಟ್ಟಬಾರದು, ಮುಟ್ಟಿದರೆ ಕೆರೆಯಲ್ಲಿ ನೀರು ನಿಲ್ಲಲ್ಲ. ಏರಿಯ ಬುಡದಿಂದ ಹದಿನೈದು ಮೀಟರ್ ಬಿಟ್ಟೆ. ತೂಬಿನ ಬಾಯಿಗಿಂತ ಕೆಳಗೆ ಅಗೆದ ನೀರು ಗದ್ದೆಗೆ ಹರಿಯಲ್ಲ, ದನ ಕುಡಿಯೋಕೆ ಸರಿ. ಹಾಗಾಗಿ ಅಲ್ಲಿಗೇ ಸಾಕು ಅಂತ ಅಡ್ಡಕೊಯ್ತದ ನಕ್ಷೆಯಲ್ಲೇ ಗೆರೆ ಹಾಕಿದೆ. ಎಂಜಿನಿಯರರ ಅರ್ಧ ಆಕ್ಷೇಪ ಅಲ್ಲೇ ಮುಗಿಯಿತು.

ಹೂಳೆತ್ತಬೇಕಿದ್ದ ಎಂಟು ಎಕರೆಯಲ್ಲಿ ಎರಡಡಿ ಅಂದರೆ 19,700 ಘನ ಮೀಟರ್ ಚಿಲ್ಲರೆ. ಟ್ರ್ಯಾಕ್ಟರಿಗೆ ಮೂರು ಘನ ಮೀಟರಿನಂತೆ ಆರೂವರೆ ಸಾವಿರ ಲೋಡು ಅಂತ ಬರೆದಿದ್ದೆ. ಅಗೆದ ಮಣ್ಣು ಉಬ್ಬುತ್ತೆ, ಕಾಲು ಭಾಗ ಸೇರಿಸಬೇಕು. ಎಂಟು ಸಾವಿರ ದಾಟಿತು. ದಿನಕ್ಕೆ ಎಪ್ಪತ್ತೈದು ಲೋಡು ಹೋದರೂ ನೂರಹತ್ತು ದಿನ. ಬೇಸಿಗೆಯಲ್ಲಿ ಅಷ್ಟು ದಿನ ಎಲ್ಲಿವೆ? ಎರಡು ಬೇಸಿಗೆಗೆ ಒಡೆದು ಅನುಮತಿ ಕೇಳಿದೆ. ಬೆಂಗಳೂರಿನ ಕೊಳಚೆ ಸಂಸ್ಕರಿಸಿ ಹರಿಸುವ ಕೆ.ಸಿ. ವ್ಯಾಲಿ ನೀರು ಬರುವ ಕೋಲಾರದ ಕೆರೆಗಳಿಗೆ ಈ ಲೆಕ್ಕ ನಡೆಯಲ್ಲ. ಅಲ್ಲಿ ಬೇಸಿಗೆಯಲ್ಲೂ ನೀರು ನಿಂತಿರುತ್ತೆ.

ವಿಶ್ವಬ್ಯಾಂಕ್ ನೆರವಿನಲ್ಲಿ ಜಲಸಂವರ್ಧನೆ ಯೋಜನಾ ಸಂಘದವರು ಹಿಂದೆ ಕೆಲಸ ಮಾಡಿದ ಕೆರೆಯಾದರೆ, ಕೆರೆ ಬಳಕೆದಾರರ ಸಂಘದ ಬೀರು ತೆಗೆಸಿ ನೋಡಿ. ಆಗಿನ ಯೋಜನಾ ವರದಿಯಲ್ಲಿ ಮಟ್ಟಗಳೆಲ್ಲ ಅಳೆದಿಟ್ಟಿರುತ್ತಾರೆ. ಆಗಿನ ತಳಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು ನಡುವಿನ ವರ್ಷಗಳಿಂದ ಭಾಗಿಸಿದರೆ ಅದೇ ಹೂಳು ತುಂಬುವ ವೇಗ. ಬೇರೆಯವರು ಇದಕ್ಕೇ ಮಾದರಿ ಕಟ್ಟಿ ಪ್ರಬಂಧ ಬರೆಯುತ್ತಾರೆ.

ಖರ್ಚು ಎಲ್ಲ ಸೇರಿ ಒಂದು ಮುಕ್ಕಾಲು ಲಕ್ಷದ ಆಸುಪಾಸು. ಅರವತ್ತು ಸಾವಿರ ಬರೀ ಓಡಾಟಕ್ಕೆ. ಗಡಿ, ಆಳ, ಮರ, ಮೀನು ಎಲ್ಲ ಮುಗಿದಿದ್ದರಿಂದ ಡಿಪಿಆರ್ ನಲವತ್ತೈದು ಸಾವಿರಕ್ಕೆ, ಮೂರು ವಾರದಲ್ಲಿ ಆಯಿತು. ಮೊದಲೇ ಮಾಡಿಸಿದ್ದರೆ ಅದಕ್ಕೆ ಎರಡು ಲಕ್ಷ ಕೇಳಿದ್ದರು.

ಇದರ ಜೊತೆಗೇ ಒಂದು ಎಕ್ಸೆಲ್ ಹಾಳೆ ಇಟ್ಟಿದ್ದೆ: ಕಡತ ಯಾವ ಮೇಜಿಗೆ ಹೋದ ದಿನ, ಹೊರಬಂದ ದಿನ, ವಾಪಸಾದರೆ ಕಾರಣ ಒಂದೇ ಪದದಲ್ಲಿ. ಸ್ವೀಕೃತಿ ಸಂಖ್ಯೆ ಇಲ್ಲದ ಸಾಲು ಸೇರಿಸುವಂತಿಲ್ಲ. ಮೂರು ಕೆರೆ ಸೇರಿ ಈಗ ನೂರಹತ್ತು ಸಾಲು ಆಗಿವೆ. ‘ವಿಳಂಬ’ ಅಂತ ಎಲ್ಲರೂ ಒಟ್ಟಾಗಿ ಹೇಳುವ ಕಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಾಗದ ಸಾಗುವ ನಡುವೆಯೇ ಕಳೆದಿತ್ತು, ಮೇಜಿನ ಮೇಲಲ್ಲ. ಆ ನಡುವಿನ ದಿನಗಳನ್ನು ಕಡಿಮೆ ಮಾಡಿದ ಉಪಾಯ ಒಂದಿದೆ, ಲಂಚವಂತೂ ಅಲ್ಲ. ಇನ್ನೆರಡು ಕೆರೆಗಳಲ್ಲಿ ಪ್ರಯತ್ನಿಸಿ ನೋಡುವವರೆಗೆ ಅದನ್ನು ಇಲ್ಲಿ ಬರೆಯಲ್ಲ.